ಗಂಜಿ ಚೆಲ್ಲಬೇಡಿ

ಹಿಂದೊಮ್ಮೆ ಇದೇ ಅಂಕಣದಲ್ಲಿ ಬಿಸಿಬೇಳೆಬಾತಿನ ಹದದ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಕೆಂಗೇರಿ ಕಡೆಯವರೊಬ್ಬರು, ‘ಇದೇ ರೀತಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಪಾಸ್ತಾ ಮಾಡಲು ಬರುವುದಿಲ್ಲವೇ?’ ಎಂದು ಕೇಳಿದರು. ಆಮೇಲೆ ಅದೇ ಸುತ್ತಮುತ್ತಲಿಂದ ಪತ್ರಗಳು ಒಂದರ ಹಿಂದೊಂದು ಬಂದವು. ಈ ಸಲದ ಪುಟ ಪೂರ್ತಿ ಅವಕ್ಕೇ ಇರಲಿ.

ಪ್ರಶ್ನೆ: ಮೇಡಂ, ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಮೆಟ್ರೊ ಇಳಿದು ಮನೆ ಸೇರುವಾಗ ರಾತ್ರಿ ಎಂಟು. ಮಕ್ಕಳು ವಾರಕ್ಕೊಮ್ಮೆಯಾದರೂ ವೈಟ್ ಸಾಸ್ ಪಾಸ್ತಾ ಕೇಳುತ್ತಾರೆ. ಒಂದು ಪಾತ್ರೆಯಲ್ಲಿ ಪಾಸ್ತಾ ಬೇಯಿಸಿ ಬಸಿಯುತ್ತೇನೆ, ಇನ್ನೊಂದರಲ್ಲಿ ಮೈದಾ ಹುರಿದು ಹಾಲು ಹಾಕಿ ಸಾಸ್ ಮಾಡುತ್ತೇನೆ. ಸಾಸ್ ಗಂಟು ಕಟ್ಟುತ್ತದೆ. ಊಟ ಮುಗಿಯುವಾಗ ಒಂಬತ್ತೂವರೆ, ಸಿಂಕ್ ತುಂಬಾ ಪಾತ್ರೆ. ಒಂದೇ ಪಾತ್ರೆಯಲ್ಲಿ ಮಾಡಿದರೆ ಆ ನುಣುಪು ಬರುತ್ತದೆಯೇ?
— ಇಬ್ಬರು ಮಕ್ಕಳ ತಾಯಿ, ಕೆಂಗೇರಿ ಉಪನಗರ

ಉತ್ತರ: ಬರುತ್ತದೆ. ಅರ್ಧ ಗಂಟೆಯೊಳಗೆ ತಟ್ಟೆಗೂ ಬರುತ್ತದೆ.

ಈಗ ನೀವು ಮಾಡುತ್ತಿರುವುದನ್ನೇ ಒಮ್ಮೆ ನೋಡಿ. ಪಾಸ್ತಾ ಬೇಯುವಾಗ ಅದರ ಮೈಯಿಂದ ಪಿಷ್ಟ ಬಿಟ್ಟು ನೀರು ಬೆಳ್ಳಗೆ, ಮಂದವಾಗುತ್ತದೆ. ಅದು ಗಂಜಿ. ಅದನ್ನು ಸಿಂಕಿಗೆ ಬಸಿಯುತ್ತೀರಿ. ಆಮೇಲೆ ಪಕ್ಕದ ಒಲೆಯಲ್ಲಿ ಮೈದಾ ಹುರಿದು ಹಾಲು ಸುರಿದು ಕಾಯಿಸುತ್ತೀರಿ. ಅದೂ ಗಂಜಿಯೇ. ಒಂದು ಗಂಜಿಯನ್ನು ಚೆಲ್ಲಿ ಇನ್ನೊಂದು ಗಂಜಿ ಕಾಯಿಸುವುದರಲ್ಲಿ ನಿಮ್ಮ ಅರ್ಧ ಗಂಟೆ ಹೋಗುತ್ತಿದೆ.

ಹುಗ್ಗಿಗೆ ನಾವು ಯಾರೂ ಕ್ರೀಮ್ ಹಾಕುವುದಿಲ್ಲ. ಅಕ್ಕಿ, ಹೆಸರುಬೇಳೆ ಕರಗಿ ಬಿಟ್ಟ ಗಂಜಿಗೆ ತುಪ್ಪ ಬೆರೆತಾಗ ಅದು ತಾನಾಗಿ ಬೆಣ್ಣೆಯಂತಾಗುತ್ತದೆ. ಗಂಜಿ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ತೇಲಲು ಬಿಡುವುದಿಲ್ಲ. ಪಾಸ್ತಾದ ಗಂಜಿಯೂ ಬೆಣ್ಣೆಗೆ, ಹಾಲಿಗೆ, ಚೀಸಿಗೆ ಇದೇ ಕೆಲಸ ಮಾಡುತ್ತದೆ. ನೀವು ಹುಡುಕುತ್ತಿರುವ ಕೆನೆ ಬೇಯಿಸಿದ ನೀರಿನಲ್ಲೇ ಇದೆ.

ನಾಲ್ಕು ಜನಕ್ಕೆ ಅಳತೆ ಹೇಳುತ್ತೇನೆ, ಲೋಟ ಎಂದರೆ 200 ಮಿಲಿಲೀಟರಿನದು. ಅಗಲ ಬಾಯಿಯ, ದಪ್ಪ ತಳದ ಬಾಣಲೆ ಇಡಿ. ಎತ್ತರದ ಪಾತ್ರೆಯಲ್ಲಿ ಅಡಿಯದು ಮುದ್ದೆಯಾಗಿ ಮೇಲಿನದು ಗಟ್ಟಿ ಉಳಿಯುತ್ತದೆ. ಎರಡು ಚಮಚ ಎಣ್ಣೆ, ಒಂದು ಚಮಚ ಬೆಣ್ಣೆ ಬಿಸಿಯಾದ ಮೇಲೆ ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಾಗುವುದು ಬೇಡ. ಕ್ಯಾರೆಟ್, ಬೀನ್ಸ್ ಹಾಕಿ ಎರಡು ನಿಮಿಷ ಬಾಡಿಸಿ. ಅಷ್ಟರಲ್ಲಿ ಪಕ್ಕದಲ್ಲಿ ಕಾದಿರುವ ಮೂರು ಲೋಟ ಕುದಿನೀರು ಸುರಿಯಿರಿ, ಒಂದು ಟೀ ಚಮಚ ಉಪ್ಪು ಹಾಕಿ, 250 ಗ್ರಾಂ ಪಾಸ್ತಾ ಹಾಕಿ.

ಉಪ್ಪಿನ ವಿಷಯದಲ್ಲಿ ಎಚ್ಚರ. ಪೊಟ್ಟಣದ ಮೇಲೆ ಬರೆದಿರುವ ಉಪ್ಪು ಬಸಿದು ಚೆಲ್ಲುವ ನೀರಿನ ಲೆಕ್ಕದ್ದು. ನಮ್ಮಲ್ಲಿ ಹಾಕಿದ್ದೆಲ್ಲ ಪಾತ್ರೆಯಲ್ಲೇ ಉಳಿಯುತ್ತದೆ, ಮೇಲೆ ಚೀಸಿನ ಉಪ್ಪು ಬೇರೆ. ಕಡಿಮೆಯಾದರೆ ಕೊನೆಯಲ್ಲಿ ಸೇರಿಸಬಹುದು, ಹೆಚ್ಚಾದರೆ ತೆಗೆಯಲು ಬರುವುದಿಲ್ಲ.

ಪಾಸ್ತಾ ಬಿದ್ದ ಮೊದಲ ಎರಡು ಮೂರು ನಿಮಿಷ ಒಲೆ ಬಿಟ್ಟು ಕದಲಬೇಡಿ. ಮೈ ಮೇಲಿನ ಪಿಷ್ಟ ಅಂಟಾಗುವುದು ಆಗಲೇ. ಸೌಟು ತಳ ಮುಟ್ಟುವಂತೆ ತಿರುವುತ್ತಿರಿ. ಆಮೇಲೆ ಮಧ್ಯಮ ಉರಿ, ಓರೆ ಮುಚ್ಚಳ, ಎರಡು ನಿಮಿಷಕ್ಕೊಮ್ಮೆ ಒಂದು ಸುತ್ತು. ಎಂಟು ಒಂಬತ್ತು ನಿಮಿಷಕ್ಕೆ ನೀರು ಪಾಸ್ತಾದ ಮಟ್ಟಕ್ಕಿಂತ ಕೆಳಗಿಳಿದು ಗಂಜಿಯಾಗಿರುತ್ತದೆ. ಆಗ ದಪ್ಪಮೆಣಸಿನಕಾಯಿ ಮತ್ತು ಬೆಚ್ಚಗಿನ ಒಂದು ಲೋಟ ಹಾಲು ಹಾಕಿ ಉರಿ ತಗ್ಗಿಸಿ. ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ ಕೊಬ್ಬು ಶೇ 3, ಶುಭಂ ಹಾಲಿನಲ್ಲಿ ಶೇ 4.5. ಎರಡನೆಯದು ಸಿಕ್ಕರೆ ಕ್ರೀಮ್ ಪೊಟ್ಟಣದ ಗೊಡವೆಯೇ ಬೇಡ. ಮತ್ತೆ ನಾಲ್ಕೈದು ನಿಮಿಷ. ಇನ್ನೂ ಸ್ವಲ್ಪ ನೀರಾಯಿತಲ್ಲ ಎನ್ನಿಸುವಾಗಲೇ ಒಲೆ ಆರಿಸಬೇಕು. ಬಿಸಿಬೇಳೆಬಾತನ್ನು ಸಡಿಲವಾಗಿಯೇ ಇಳಿಸುತ್ತೇವಲ್ಲ, ಹಾಗೆ. ಚೀಸ್ ಹಾಕುವುದು ಒಲೆ ಆರಿಸಿದ ಮೇಲೆ. 50 ಗ್ರಾಂ, ಅಂದರೆ ಎರಡು ಕ್ಯೂಬ್, ತುರಿದು ಹಾಕಿ, ಮೆಣಸು ಕುಟ್ಟಿ ಉದುರಿಸಿ, ತಿರುವಿ ಎರಡು ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದಾಗ ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾಗಿರುತ್ತದೆ.

ತುಂಬಾ ನೀರಿನಲ್ಲೇ ಪಾಸ್ತಾ ಬೇಯಿಸಬೇಕು ಎಂಬ ನಿಯಮವನ್ನು ಇಟಲಿಯಿಂದ ಅಮೆರಿಕದವರೆಗೆ ಎಲ್ಲರೂ ನಂಬಿದ್ದರು. ಅಡುಗೆಯ ವಿಜ್ಞಾನ ಬರೆಯುವ ಹೆರಾಲ್ಡ್ ಮೆಗೀ 2009ರಲ್ಲಿ ಅದನ್ನು ಪರೀಕ್ಷಿಸಿ, ಕಡಿಮೆ ನೀರಿನಲ್ಲೂ ಪಾಸ್ತಾ ಚೆನ್ನಾಗಿಯೇ ಬೇಯುತ್ತದೆ ಎಂದು ತೋರಿಸಿದರು. ಆಗಾಗ ತಿರುವಬೇಕು, ಅಷ್ಟೇ. ಎಸರಿಟ್ಟು ಉಪ್ಪಿಟ್ಟು ಮಾಡುವ ನಮಗೆ ನೀರನ್ನು ಅಳೆದು ಹಾಕುವುದು ಕಷ್ಟದ ವಿದ್ಯೆಯಲ್ಲ.

ಪ್ರಶ್ನೆ: ಟೊಮೆಟೊ ಮತ್ತು ಹಾಲು ಎರಡೂ ಹಾಕಿ ಗುಲಾಬಿ ಬಣ್ಣದ ಪಾಸ್ತಾ ಮಾಡಲು ಹೋದೆ. ಹಾಲು ಒಡೆದು ಪುಡಿಪುಡಿಯಾಯಿತು. ಎಲ್ಲ ಚೆಲ್ಲಿದೆ. ಹಾಲು ಹಳೆಯದಾಗಿತ್ತೇ?
— ಕೊಮ್ಮಘಟ್ಟ ರಸ್ತೆ, ಕೆಂಗೇರಿ

ಉತ್ತರ: ಹಾಲಿನದು ತಪ್ಪಿಲ್ಲ. ಚೆಲ್ಲಬೇಕಾಗಿಯೂ ಇರಲಿಲ್ಲ, ಅದೊಂದೇ ನನಗೆ ಬೇಸರ. ಹುಳಿಗೆ ಒಡೆದ ಹಾಲು ಕೆಟ್ಟ ಹಾಲಲ್ಲ. ಪನೀರ್ ಮಾಡುವಾಗ ಬೇಕೆಂದೇ ನಿಂಬೆರಸ ಹಿಂಡಿ ಒಡೆಸುವುದೂ ಇದನ್ನೇ.

ಬಿಸಿ ಹಾಲಿಗೆ ಹುಳಿ ಬಿದ್ದರೆ ಅದರ ಪ್ರೋಟೀನ್ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ನೀವು ತಂದದ್ದು ನಾಟಿ ಟೊಮೆಟೊ ಇರಬಹುದು. ಸಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಹುಳಿ ಅಷ್ಟು ಚೆನ್ನಾಗಿರುತ್ತದೆ. ಹಾಲು ಬೀಳುವ ಪಾಸ್ತಾಕ್ಕೆ ಮಾತ್ರ ಉದ್ದನೆಯ, ತಿರುಳು ಹೆಚ್ಚಿರುವ ಫಾರಂ ಟೊಮೆಟೊ ತನ್ನಿ.

ಮಜ್ಜಿಗೆಹುಳಿಯನ್ನು ನೆನಪಿಸಿಕೊಳ್ಳಿ. ಬರೀ ಮಜ್ಜಿಗೆ ಕಾಯಿಸಿದರೆ ನೀರು ಬೇರೆ ಮೊಸರು ಬೇರೆ ಆಗುತ್ತದೆ. ನೆನೆಸಿದ ಕಡಲೆಬೇಳೆ ರುಬ್ಬಿ ಬೆರೆಸಿದರೆ ಒಡೆಯುವುದಿಲ್ಲ. ಬೇಳೆಯ ಪಿಷ್ಟ ಹಾಲಿನ ಕಣಗಳ ನಡುವೆ ಅಡ್ಡ ನಿಂತು ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ನಿಮ್ಮ ಬಾಣಲೆಯಲ್ಲಿ ಆ ಕಾವಲು ಕೆಲಸಕ್ಕೆ ಪಾಸ್ತಾದ ಗಂಜಿ ಇದೆ. ಆದರೆ ಅದು ಬಿಟ್ಟುಕೊಳ್ಳುವ ಮೊದಲೇ ಹಾಲು ಸುರಿದರೆ ಕಾಯುವವರು ಯಾರು? ಹಾಗಾಗಿ ಟೊಮೆಟೊ ಮೊದಲು, ಪಾಸ್ತಾ ಬೇಯುವುದು ಆಮೇಲೆ, ನೀರು ಮಂದವಾದ ಮೇಲೆ ಉರಿ ತೀರಾ ಸಣ್ಣದು ಮಾಡಿ ಬೆಚ್ಚಗಿನ ಹಾಲು. ಹಾಲು ಬಿದ್ದ ಮೇಲೆ ಕೊತಕೊತ ಕುದಿಸಬಾರದು.

ಟೊಮೆಟೊ ಹೆಚ್ಚೇ ಬೇಕು ಎಂದಾದರೆ ಹಾಲು ಬಿಟ್ಟುಬಿಡಿ. ಹತ್ತು ಹನ್ನೆರಡು ಗೋಡಂಬಿಯನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ ಹಾಕಿ. ಅದರಲ್ಲಿ ಒಡೆಯುವಂಥದ್ದು ಏನೂ ಇಲ್ಲ. ಇನ್ನೊಮ್ಮೆ ಹಾಲು ಒಡೆದರೂ ಇದೇ ಗೋಡಂಬಿಯ ರುಬ್ಬು ಬೆರೆಸಿ ತಿರುವಿ ಬಡಿಸಿ. ಸ್ವಲ್ಪ ತರಿತರಿ ಎನ್ನಿಸಬಹುದು, ತಿನ್ನಲು ಏನೂ ಅಡ್ಡಿಯಿಲ್ಲ.

ಪ್ರಶ್ನೆ: ಪೊಟ್ಟಣದ ಮೇಲೆ 11 ನಿಮಿಷ ಎಂದು ಬರೆದಿದೆ. ನಮ್ಮ ಮನೆಯಲ್ಲಿ 11 ನಿಮಿಷಕ್ಕೆ ಒಳಗೆ ಬಿಳಿ ಚುಕ್ಕೆ ಉಳಿದಿರುತ್ತದೆ. ಪಾಸ್ತಾ ಹೇಗೋ ಬೆಂದರೂ ಬೀನ್ಸ್, ಬಟಾಣಿ ಗಟ್ಟಿ. ನಮ್ಮದು ಬೋರ್‌ವೆಲ್ ನೀರು. ಅದಕ್ಕೇ ಇರಬಹುದೇ?
— ಉಲ್ಲಾಳ

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ.

ಪಾಸ್ತಾ ತಡವಾಗುವುದಕ್ಕೆ ಕಾರಣ ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೆ. ಮಂಗಳೂರಿನಲ್ಲಿ 11 ನಿಮಿಷಕ್ಕೆ ಬೇಯುವುದಕ್ಕೆ ಇಲ್ಲಿ 12, 13 ಬೇಕು. ಒಂದೇ ಪಾತ್ರೆಯ ಅಡುಗೆಯಲ್ಲಿ ನೀರೂ ಕಡಿಮೆ ಇರುವುದರಿಂದ ಗಡಿಯಾರ ನೋಡುವುದಕ್ಕಿಂತ ಒಂದು ತುಂಡು ಬಾಯಿಗೆ ಹಾಕಿ ನೋಡುವುದೇ ಸರಿ.

ತರಕಾರಿ ಬೇಯದಿರುವುದಕ್ಕೆ ನೀರು ಕಾರಣವಾಗಬಹುದು. ಗಡಸು ನೀರಿನ ಕ್ಯಾಲ್ಸಿಯಂ ಕಾಳು ತರಕಾರಿಗಳ ಗೋಡೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂದು ಹಿರಿಯರು ಹೇಳುವುದು ಇದನ್ನೇ. ಹುಳಿಯೂ ಹಾಗೆಯೇ ಮಾಡುತ್ತದೆ. ಟೊಮೆಟೊ ಮೊದಲೇ ಹಾಕಿದ್ದರೆ ಬೀನ್ಸ್ ಮೆತ್ತಗಾಗಲು ಹೆಚ್ಚು ಹೊತ್ತು ಬೇಕು. ಕುಡಿಯಲು ಬಳಸುವ ನೀರಿನಲ್ಲೇ ಅಡುಗೆ ಮಾಡಿ, ಬೀನ್ಸನ್ನು ಸಣ್ಣಗೆ ಹೆಚ್ಚಿ, ಅದು ಅರ್ಧ ಬೆಂದ ಮೇಲೆ ಟೊಮೆಟೊ ಹಾಕಿ. ಒಣ ಬಟಾಣಿಯಾದರೆ ಕುಕ್ಕರಿನಲ್ಲಿ ಬೇಯಿಸಿಟ್ಟುಕೊಳ್ಳುವುದು ಬಿಟ್ಟು ಬೇರೆ ದಾರಿಯಿಲ್ಲ.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ರೂಮಿನಲ್ಲಿ ನಾವು ಮೂವರು, ಒಂದು ಇಂಡಕ್ಷನ್ ಒಲೆ, ಒಂದು 3 ಲೀಟರ್ ಕುಕ್ಕರ್, ಅಷ್ಟೇ. ಕುಕ್ಕರಿನಲ್ಲಿ ಹಾಲು, ಪಾಸ್ತಾ ಎಲ್ಲ ಹಾಕಿ ಮೂರು ವಿಷಲ್ ಹೊಡೆಸಿದೆವು. ವಿಷಲ್ ಜೊತೆ ಹಾಲು ಚಿಮ್ಮಿ ಗೋಡೆಯೆಲ್ಲ ಹಾಳಾಯಿತು. ಒಳಗಡೆ ಪಾಯಸದ ಹಾಗೆ ಆಗಿತ್ತು.
— ಮೈಲಸಂದ್ರ

ಉತ್ತರ: ತಮ್ಮಾ, ಯಾರೂ ಸುಟ್ಟುಕೊಳ್ಳಲಿಲ್ಲವಲ್ಲ, ಅದೇ ಸಮಾಧಾನ. ಕುಕ್ಕರಿಗೆ ಹಾಲು ಹಾಕಿ ಮುಚ್ಚಬೇಡಿ. ಹಾಲೂ ಗಂಜಿಯೂ ನೊರೆ ಕಟ್ಟಿ ಏರುತ್ತವೆ. ಆ ನೊರೆ ಆವಿ ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡರೆ ಅಪಾಯ. ನೊರೆ ಬರುವ ಯಾವ ಪದಾರ್ಥವನ್ನೂ ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದು.

ಮೂವರಿಗೆ 250 ಗ್ರಾಂ ಪೆನ್ನೆ ಅಥವಾ ಮ್ಯಾಕರೋನಿ, ಎರಡೂವರೆ ಲೋಟ ನೀರು. ಕುಕ್ಕರಿನಲ್ಲಿ ಆವಿ ಹೊರಗೆ ಹೋಗುವುದು ಕಡಿಮೆ, ಅದಕ್ಕೇ ಬಾಣಲೆಗಿಂತ ಕಡಿಮೆ ನೀರು. ಈರುಳ್ಳಿ, ಬೆಳ್ಳುಳ್ಳಿ, ಇದ್ದ ತರಕಾರಿ ಬಾಡಿಸಿ, ನೀರು, ಉಪ್ಪು, ಪಾಸ್ತಾ ಹಾಕಿ, ಎಲ್ಲವೂ ನೀರಿನೊಳಗೆ ಮುಳುಗುವಂತೆ ಸರಿಸಿ. ಮೇಲೆ ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಮಧ್ಯಮ ಕಾವಿನಲ್ಲಿ ಒಂದೇ ಒಂದು ವಿಷಲ್. ಒಲೆ ಆರಿಸಿ ಐದು ನಿಮಿಷ ಬಿಟ್ಟು, ಉಳಿದ ಆವಿಯನ್ನು ಸೌಟಿನ ತುದಿಯಿಂದ ವೆಯ್ಟ್ ಸ್ವಲ್ಪ ಸ್ವಲ್ಪವೇ ಎತ್ತಿ ಬಿಡಿ. ಮುಖ ದೂರ ಇರಲಿ. ಒತ್ತಡ ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆದರೆ ನೀರು ನೀರಾಗಿ ಕಾಣುತ್ತದೆ, ಗಾಬರಿ ಬೇಡ. ಅರ್ಧ ಲೋಟ ಹಾಲು, ಚೀಸ್ ಹಾಕಿ, ತೆರೆದಿಟ್ಟು ಎರಡು ನಿಮಿಷ ತಿರುವಿದರೆ ಕೂಡಿಕೊಳ್ಳುತ್ತದೆ.

ಒಂದು ಮಾತು. ಅಗ್ಗದ ಪೊಟ್ಟಣ ತರುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಡ್ಯೂರಮ್ ಗೋಧಿಯ ರವೆ ಎಂದಿದ್ದರೆ ಈ ಅಳತೆ ಸರಿ. ಮೈದಾ ಸೇರಿದ್ದರೆ ಒಂದು ವಿಷಲ್ಲಿಗೇ ಕರಗುತ್ತದೆ, ಅದನ್ನು ತೆರೆದ ಪಾತ್ರೆಯಲ್ಲೇ ಬೇಯಿಸಿ.

ಪ್ರಶ್ನೆ: ನಮಸ್ಕಾರ್ರಿ. ನಾವು ಮೂಲ ಧಾರವಾಡ ಕಡೆಯವರು. ಈಗ ಮಗನ ಮನಿ ಕೆಂಗೇರ್ಯಾಗ ಐತಿ, ಅಲ್ಲೇ ಇರ್ತೀನಿ. ಮೊಮ್ಮಕ್ಕಳು ಪಾಸ್ತಾ ಪಾಸ್ತಾ ಅಂತಾವ. ನೋಡಿದ್ರ ನಮ್ಮ ಗವಲಿ, ಶಾವಿಗಿ ಇದ್ದಂಗ ಕಾಣಸ್ತೈತಿ. ನಮ್ಮವ್ವ ಬ್ಯಾಸಗ್ಯಾಗ ಹೊಸೆದು ಮಾಳಿಗಿ ಮ್ಯಾಲ ಒಣಗಸ್ತಿದ್ದ ಶಾವಿಗಿ ಇನ್ನೂ ಕಣ್ಣಾಗ ಐತಿ. ಊರಿಂದ ತಂದ ಜವಿಗೋದಿ ಶಾವಿಗಿ ಡಬ್ಬಿ ತುಂಬ ಅದಾವ. ಇವನ್ನ ಹಿಂಗ ಒಂದ ಬೋಗುಣ್ಯಾಗ ಹಾಲು ಹಾಕಿ ಖಾರ ಮಾಡಾಕ ಬರತೈತೇನ್ರಿ?
— ಒಬ್ಬ ಅಜ್ಜಿ, ಕೆಂಗೇರಿ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸಂತೋಷಪಟ್ಟೆ. ನೀವು ಕಣ್ಣಿನಲ್ಲಿ ನೋಡಿ ಹೇಳಿದ್ದು ಅಕ್ಷರಶಃ ನಿಜ.

ನಾವು ಚಪಾತಿಗೆ ಬಳಸುವ ಸಾಮಾನ್ಯ ಗೋಧಿಯ ಜೀವಕೋಶದಲ್ಲಿ 42 ವರ್ಣತಂತುಗಳಿದ್ದರೆ, ಪಾಸ್ತಾ ಮಾಡುವ ಡ್ಯೂರಮ್ ಗೋಧಿಯಲ್ಲಿ 28. ನಿಮ್ಮ ಜವೆಗೋಧಿಯಲ್ಲೂ 28. ಎರಡೂ ಒಂದೇ ಮನೆತನದವು. ಜವೆಗೋಧಿಯ ಜಾತಿಯೇ ಹಳೆಯದು, ಡ್ಯೂರಮ್ ಅದರಿಂದ ಕವಲೊಡೆದು ಬಂದದ್ದು. ಇಟಲಿಯವರ ಪಾಸ್ತಾದ ಗೋಧಿಗೆ ನಿಮ್ಮ ಡಬ್ಬಿಯಲ್ಲಿರುವುದು ಹಿರಿಯಕ್ಕ. ಡ್ಯೂರಮ್ ನಮಗೆ ಹೊರಗಿನದಲ್ಲ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೇಳಿ ತರುತ್ತೇವಲ್ಲ, ಹಳದಿ ಛಾಯೆಯ, ಬೇಯಿಸಿದರೆ ಅರಳುವ ರವೆ, ಅದು ಡ್ಯೂರಮ್ ಗೋಧಿಯದೇ. ನಿಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜವೆಗೋಧಿಯನ್ನು ಕೈಬಿಡದೆ ಸಂಶೋಧನೆ ಮಾಡಿ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ರೈತರಿಗೆ ಕೊಟ್ಟಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ ಅದು ಉಳಿದಿರುವುದಕ್ಕೆ ನಿಮ್ಮ ಅವ್ವನಂಥವರು ಶಾವಿಗೆಗೆ ಅದೇ ಗೋಧಿ ಬೇಕು ಎಂದು ಹಟ ಹಿಡಿದದ್ದೂ ಕಾರಣ.

ಇನ್ನು ಮಾಡುವ ಬಗೆ. ಶಾವಿಗೆ ಪಾಸ್ತಾಕ್ಕಿಂತ ತುಂಬಾ ತೆಳು. ಪಾಸ್ತಾಕ್ಕೆ 13 ನಿಮಿಷ ಬೇಕಾದರೆ ಇದಕ್ಕೆ ಮೂರು ನಾಲ್ಕು ಸಾಕು. ತರಕಾರಿ ಶಾವಿಗೆಯ ಜೊತೆ ಬೇಯಲಾರದು, ಮೊದಲೇ ಬೆಂದಿರಬೇಕು. ಪಾಯಸಕ್ಕೆ ನೀವು ಶಾವಿಗೆಯನ್ನು ಪೂರ್ತಿ ತುಪ್ಪದಲ್ಲಿ ಹುರಿಯುತ್ತೀರಿ. ಇಲ್ಲಿ ಅರ್ಧ ಮಾತ್ರ ಹುರಿಯಿರಿ, ಅರ್ಧ ಹಸಿಯಾಗಿಯೇ ಇರಲಿ. ಹುರಿದ ಶಾವಿಗೆಯ ಪಿಷ್ಟ ಅಂಟುವ ಶಕ್ತಿ ಕಳೆದುಕೊಂಡು ಎಳೆ ಎಳೆಯಾಗಿ ನಿಲ್ಲುತ್ತದೆ, ಹಸಿಯದು ಗಂಜಿ ಬಿಟ್ಟು ಹಾಲನ್ನು ಮಂದ ಮಾಡುತ್ತದೆ. ಎಲ್ಲ ಹುರಿದರೆ ಉಪ್ಪಿಟ್ಟಾಗುತ್ತದೆ, ಏನೂ ಹುರಿಯದಿದ್ದರೆ ಮುದ್ದೆಯಾಗುತ್ತದೆ. ಇದನ್ನು ನಾನು ಹಲವು ಸಲ ಕೆಡಿಸಿ ಕಲಿತದ್ದು.

ಎರಡು ಲೋಟ ಶಾವಿಗೆಗೆ ಮೂರು ಲೋಟ ನೀರು, ಒಂದು ಲೋಟ ಹಾಲು. ತುಪ್ಪದಲ್ಲಿ ಜೀರಿಗೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಹಸಿ ಬಟಾಣಿಯನ್ನು ಅದೇ ನೀರಿನಲ್ಲಿ ಬೇಯಿಸಿ. ನೀರು ಕುದಿಯುವಾಗ ಮೊದಲು ಹಸಿ ಶಾವಿಗೆ, ಒಂದು ನಿಮಿಷದ ಮೇಲೆ ಹುರಿದದ್ದು. ಹಾಲು ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ, ಇಳಿಸಿ. ಮೊಮ್ಮಕ್ಕಳಿಗೆ ಮೇಲೆ ಚೀಸ್ ತುರಿದು ಕೊಡಿ. ನಿಮಗೆ ಕುಟ್ಟಿದ ಮೆಣಸು, ಒಂದು ಚಮಚ ತುಪ್ಪ. ಗವಲಿ ಇದ್ದರೆ ಇನ್ನೂ ಚೆನ್ನ. ಅದು ಕೈಯಲ್ಲಿ ಮಾಡಿದ್ದಾದ್ದರಿಂದ ಒಂದೊಂದು ಮನೆಯದು ಒಂದೊಂದು ಗಾತ್ರ, ಬೇಯುವ ಹೊತ್ತನ್ನು ನಾಲಗೆಯೇ ಹೇಳಬೇಕು. ಮತ್ತೆ ಒಂದು ಕೋರಿಕೆ: ಮಕ್ಕಳ ಬೇಸಿಗೆ ರಜೆಯಲ್ಲಿ ಒಂದು ದಿನ ಅವರನ್ನು ಕೂರಿಸಿಕೊಂಡು ಗವಲಿ ಹೊಸೆಯುವುದನ್ನು ತೋರಿಸಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ಅದು ಒಣಗುತ್ತದೆ.

ಪ್ರಶ್ನೆ: ನಮ್ಮ ಅತ್ತೆ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಚೀಸ್ ಎಂದರೆ ಅದರಲ್ಲಿ ಮಾಂಸದ ಅಂಶ ಇರುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಅವರೂ ನಮ್ಮ ಜೊತೆ ಕೂತು ಒಂದೇ ಊಟ ಮಾಡಲಿ ಎಂದು ನನ್ನ ಆಸೆ.
— ದುಬಾಸಿಪಾಳ್ಯ

ಉತ್ತರ: ನಿಮ್ಮ ಅತ್ತೆಯವರು ಅನುಮಾನಪಟ್ಟದ್ದರಲ್ಲಿ ತಪ್ಪಿಲ್ಲ. ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಎಂಬುದನ್ನು ಕೆಲವು ಚೀಸ್‌ಗಳಿಗೆ ಎಳೆಗರುವಿನ ಹೊಟ್ಟೆಯಿಂದಲೇ ತೆಗೆಯುತ್ತಾರೆ. ಇಟಲಿಯ ಪಾರ್ಮಿಜಾನೊ ರೆಜಾನೊ ಕಡ್ಡಾಯವಾಗಿ ಹಾಗೆಯೇ ಆಗುವಂಥದ್ದು. ಆದರೆ ಸೂಕ್ಷ್ಮಾಣುಗಳಿಂದ ತಯಾರಿಸಿದ ರೆನೆಟ್ಟೂ ಇದೆ. ನಮ್ಮ ದೇಶದಲ್ಲಿ ಮಾರುವ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ. ಅಂಗಡಿಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ, ಪೊಟ್ಟಣವನ್ನು ಅವರೇ ಆರಿಸಲಿ. ತಾವೇ ನೋಡಿ ತಂದದ್ದರ ಮೇಲೆ ನಂಬಿಕೆ ಬರುತ್ತದೆ.

ಚೀಸ್ ಮಾಡುವುದು ನಿಮ್ಮಿಂದ ದೂರದ ವಿದ್ಯೆಯೂ ಅಲ್ಲ. ನಗರದ ಪಶ್ಚಿಮದಲ್ಲೇ, ಮಾಗಡಿ ರಸ್ತೆಯ ಕಡೆ, ವಲ್ಲೊಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳ ಮಠವಿದೆ. ಇಟಲಿಯಲ್ಲಿ ಕಲಿತ ಕ್ರಮದಲ್ಲಿ ಅವರು ಮೊಜ್ಜರೆಲ್ಲಾ, ಮಸ್ಕರ್ಪೋನೆ ಮಾಡುತ್ತಾರೆ, ನಗರದ ದೊಡ್ಡ ಹೋಟೆಲುಗಳಿಗೂ ಅದು ಹೋಗುತ್ತದೆ.

ಅತ್ತೆಯವರಿಗೆ ಇನ್ನೂ ಮನಸ್ಸು ಒಪ್ಪದಿದ್ದರೆ ಒತ್ತಾಯ ಬೇಡ, ಚೀಸ್ ಇಲ್ಲದೆಯೂ ಆಗುತ್ತದೆ. ಬೆಳ್ಳುಳ್ಳಿಯ ಜಾಗಕ್ಕೆ ಬೆಣ್ಣೆಯಲ್ಲಿ ಅರಳಿಸಿದ ಇಂಗು. ಈರುಳ್ಳಿಯ ಸಿಹಿಗೆ ಒಂದು ಕ್ಯಾರೆಟ್ ತುರಿದು, ಅದರ ನೀರು ಆರುವವರೆಗೆ ಬಾಡಿಸಿ. ಹತ್ತು ಗೋಡಂಬಿ, ಒಂದು ಚಮಚ ಹುರಿಗಡಲೆ ಒಟ್ಟಿಗೆ ರುಬ್ಬಿ ಹಾಲಿನ ಜೊತೆ ಹಾಕಿ. ಒಲೆ ಆರಿಸಿದ ಮೇಲೆ, ಬೆಳಗ್ಗೆ ಕಾಯಿಸಿದ ಹಾಲಿನ ಮೇಲಿನ ಗಟ್ಟಿ ಕೆನೆ ಎರಡು ಚಮಚ, ಕರಿಮೆಣಸು, ಜಾಯಿಕಾಯಿ ಉಗುರಿನಷ್ಟು ತೇಯ್ದದ್ದು. ಇದನ್ನೇ ಮನೆಯವರೆಲ್ಲರಿಗೂ ಬಡಿಸಿ. ಅತ್ತೆಗೆ ಬೇರೆ, ಉಳಿದವರಿಗೆ ಬೇರೆ ಮಾಡಿದರೆ ನಿಮ್ಮ ಆಸೆ ಅರ್ಧಕ್ಕೇ ನಿಲ್ಲುತ್ತದೆ.

ಪ್ರಶ್ನೆ: ರಾತ್ರಿ ಮಾಡಿದ ಹಾಲಿನ ಪಾಸ್ತಾವನ್ನು ಬೆಳಗ್ಗೆ ಮಗಳ ಡಬ್ಬಿಗೆ ಹಾಕಬಹುದೇ? ಏಳೂವರೆಗೆ ಶಾಲೆಯ ಬಸ್ ಬರುತ್ತದೆ, ಅವಳು ಊಟ ಮಾಡುವುದು ಹನ್ನೆರಡೂವರೆಗೆ.
— ಕೆಂಗೇರಿ ಹಳೇ ಊರು

ಉತ್ತರ: ಬೇಡ. ಈ ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಬೆಂದ ಅನ್ನ, ಪಾಸ್ತಾಗಳಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಬೀಜಕಗಳು ಕುದಿಯುವ ಶಾಖದಲ್ಲೂ ಬದುಕುತ್ತವೆ. ಅಡುಗೆ ಉಗುರುಬೆಚ್ಚಗೆ ಕೂತಷ್ಟು ಹೊತ್ತೂ ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಲು ಸೇರಿದ ಅಡುಗೆ ಮುಚ್ಚಿದ ಡಬ್ಬಿಯಲ್ಲಿ ಐದು ಗಂಟೆ ಇರುವುದೆಂದರೆ ಅದಕ್ಕೆ ಬೇಕಾದಷ್ಟು ಕಾಲ.

ರಾತ್ರಿ ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ಡಬ್ಬಿಯಲ್ಲಿ ಹರಡಿ ಫ್ರಿಜ್ಜಿಗೆ ಇಡಿ. ಮರುದಿನ ನೀವು ಮನೆಯಲ್ಲೇ, ಎರಡು ಮೂರು ಚಮಚ ಹಾಲು ಸೇರಿಸಿ ಹಬೆಯಾಡುವವರೆಗೆ ಬಿಸಿ ಮಾಡಿ ತಿನ್ನಿ. ತಣ್ಣಗಾದ ಪಿಷ್ಟ ಬಿಗಿಯಾಗಿರುತ್ತದೆ, ಹಾಲು, ಬಿಸಿ ಎರಡೂ ಸೇರಿದರೆ ಮತ್ತೆ ಸಡಿಲವಾಗುತ್ತದೆ. ಮಗಳ ಡಬ್ಬಿಗೆ ಬೆಳಗ್ಗೆಯೇ ಹೊಸದಾಗಿ, ಹಾಲು ಚೀಸ್ ಇಲ್ಲದೆ, ಟೊಮೆಟೊ ಮತ್ತು ಎಣ್ಣೆಯದು ಮಾಡಿ. ಬಿಸಿ ಹಿಡಿದಿಡುವ ಫ್ಲಾಸ್ಕಿನ ಡಬ್ಬಿಯಿದ್ದರೆ ಕುದಿನೀರು ತುಂಬಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಒಲೆಯಿಂದ ಇಳಿಸಿದ ಸುಡುಸುಡು ಪಾಸ್ತಾವನ್ನೇ ತುಂಬಿ. ಹನ್ನೆರಡೂವರೆಗೆ ತೆಗೆದಾಗಲೂ ಹಬೆ ಬರಬೇಕು. ಬರದಿದ್ದರೆ ಆ ಡಬ್ಬಿಯನ್ನು ಇದಕ್ಕೆ ಬಳಸಬೇಡಿ.

ಪ್ರಶ್ನೆ: ಮಾವನವರಿಗೆ ಸಕ್ಕರೆ ಕಾಯಿಲೆ. ಪಾಸ್ತಾ ಮೈದಾ ಅಲ್ಲವೇ, ಕೊಡಬಹುದೇ? ರಾಗಿ ಪಾಸ್ತಾ ಒಳ್ಳೆಯದೇ?
— ಕೆಂಗೇರಿ ಉಪನಗರ

ಉತ್ತರ: ಡ್ಯೂರಮ್ ರವೆಯ ಪಾಸ್ತಾದಲ್ಲಿ ಪಿಷ್ಟವನ್ನು ಪ್ರೋಟೀನ್ ಬಲೆಯಂತೆ ಬಿಗಿದಿರುತ್ತದೆ. ಅದಕ್ಕೇ ಸ್ವಲ್ಪ ಗಟ್ಟಿಯಿರುವಾಗಲೇ ಇಳಿಸಿದ ಪಾಸ್ತಾ ಬಿಳಿ ಬ್ರೆಡ್ಡಿಗಿಂತ ನಿಧಾನವಾಗಿ ಸಕ್ಕರೆ ಏರಿಸುತ್ತದೆ. ತುಂಬಾ ಬೇಯಿಸಿದರೆ ಆ ಲಾಭ ಹೋಗುತ್ತದೆ. ಒಣ ಪಾಸ್ತಾ 50 ಗ್ರಾಂ, ಅದರ ತೂಕಕ್ಕಿಂತ ಹೆಚ್ಚು ತರಕಾರಿ, ಜೊತೆಗೆ ಪನೀರ್ ಅಥವಾ ಬೆಂದ ಕಡಲೆಕಾಳು. ಅವರ ಊಟದ ಲೆಕ್ಕ ಬರೆದುಕೊಟ್ಟ ವೈದ್ಯರಿಗೆ ಒಮ್ಮೆ ತೋರಿಸಿ. ರಾಗಿ ಪಾಸ್ತಾದ ಪೊಟ್ಟಣದಲ್ಲಿ ರಾಗಿ ಎಷ್ಟು, ಗೋಧಿ ಎಷ್ಟು ಎಂದು ಓದಿ. ಬರೀ ರಾಗಿಯದಾದರೆ ಅದರಲ್ಲಿ ಹಿಡಿದಿಡುವ ಅಂಟು ಇಲ್ಲ, ಒಂದೇ ಪಾತ್ರೆಯಲ್ಲಿ ತಿರುವಿದರೆ ಪುಡಿಯಾಗುತ್ತದೆ. ಅದನ್ನು ರಾಗಿ ಶಾವಿಗೆಯಂತೆ ಹಬೆಯಲ್ಲಿ ಬೇಯಿಸಿ ಕೊನೆಗೆ ಸೇರಿಸಿ.

ಪ್ರಶ್ನೆ: ನಾನು ನಿವೃತ್ತ. ಹೆಂಡತಿ ತೀರಿಕೊಂಡು ಎರಡು ವರ್ಷ. ಕಾಫಿ, ಉಪ್ಪಿಟ್ಟು, ಅನ್ನ ಸಾರು ಇಷ್ಟು ಕಲಿತಿದ್ದೇನೆ. ಭಾನುವಾರ ಸಂಜೆ ಮೊಮ್ಮಗಳು ಒಬ್ಬಳೇ ಮೆಟ್ರೊದಲ್ಲಿ ಬಂದು ನನ್ನ ಜೊತೆ ಊಟ ಮಾಡಿ ಹೋಗುತ್ತಾಳೆ. ಅವಳಿಗೆ ಪಾಸ್ತಾ ಇಷ್ಟ. ಇಬ್ಬರಿಗೆ ಸಾಕಾಗುವಷ್ಟು ಹೇಗೆ ಮಾಡಲಿ? ನಾಲ್ವರ ಅಳತೆಯ ಕಾಲು ಭಾಗ ಹಿಡಿದು ಒಮ್ಮೆ ಒಬ್ಬನಿಗೇ ಮಾಡಿದೆ, ನೀರು ಬತ್ತಿ ತಳ ಹಿಡಿಯಿತು.
— ಕೆಂಗೇರಿ ಉಪನಗರ

ಉತ್ತರ: ಉಪ್ಪಿಟ್ಟಿಗೆ ಎಸರಿಡಲು ಕಲಿತಿದ್ದೀರಿ ಎಂದರೆ ಮುಕ್ಕಾಲು ಪಾಠ ಮುಗಿದಿದೆ, ಸಾರ್.

ಪಾಸ್ತಾ ಕುಡಿಯುವ ನೀರು ಅದರ ಅಳತೆಯ ಜೊತೆ ಇಳಿಯುತ್ತದೆ. ಆದರೆ ಆವಿಯಾಗಿ ಹೋಗುವ ನೀರು ಪಾತ್ರೆಯ ಅಗಲವನ್ನು ಹಿಡಿದು ಹೋಗುತ್ತದೆ, ಒಬ್ಬರಿಗೆ ಮಾಡಿದರೂ ಅಷ್ಟೇ, ನಾಲ್ವರಿಗಾದರೂ ಅಷ್ಟೇ. ಹಾಗಾಗಿ ಕಾಲು ಭಾಗ ಪಾಸ್ತಾಕ್ಕೆ ಕಾಲು ಭಾಗ ನೀರು ಸಾಲುವುದಿಲ್ಲ. ಚಿಕ್ಕ ಪಾತ್ರೆ ತೆಗೆದುಕೊಳ್ಳಿ, ನೀವು ಸಾರು ಮಾಡುವುದೇ ಆಗಲಿ, ತಳ ದಪ್ಪಗಿದ್ದರೆ ಸಾಕು. ಒಂದು ಲೋಟ ತುಂಬಾ ಪೆನ್ನೆ ಸುಮಾರು 80 ಗ್ರಾಂ ಬರುತ್ತದೆ. ಇಬ್ಬರಿಗೆ ಎರಡು ಲೋಟ ಪೆನ್ನೆ, ಎರಡೂವರೆ ಲೋಟ ಕುದಿನೀರು, ಮುಕ್ಕಾಲು ಟೀ ಚಮಚ ಉಪ್ಪು, ಕೊನೆಗೆ ಮುಕ್ಕಾಲು ಲೋಟ ಹಾಲು, ಒಂದು ಕ್ಯೂಬ್ ಚೀಸ್. ಇನ್ನೊಂದು ಲೋಟ ಬಿಸಿನೀರು ಒಲೆಯ ಪಕ್ಕದಲ್ಲಿರಲಿ. ಬತ್ತುವ ಹಾಗೆ ಕಂಡರೆ ಎರಡು ಚಮಚ, ಮತ್ತೆ ಕಂಡರೆ ಇನ್ನೆರಡು. ತಣ್ಣೀರು ಹಾಕಿದರೆ ಕುದಿ ನಿಂತು ಹೊತ್ತಾಗುತ್ತದೆ.

ತಳ ಹಿಡಿದ ವಾಸನೆ ಬಂದರೆ ಕೆರೆಯಬೇಡಿ. ಸೌಟು ತಳಕ್ಕೆ ತಾಗಿಸದೆ ಮೇಲಿನದನ್ನು ಬೇರೆ ಪಾತ್ರೆಗೆ ತೆಗೆದು ಅಲ್ಲಿ ಮುಂದುವರಿಸಿ.

ತರಕಾರಿ ಮಧ್ಯಾಹ್ನವೇ ಹೆಚ್ಚಿಡಿ, ಚೀಸ್ ತುರಿದಿಡಿ, ನೀರನ್ನು ಅಳೆದಿಡಿ. ಹಾಲಿನ ಪಾಸ್ತಾ ಕಾಯುವುದಿಲ್ಲ, ಹತ್ತು ನಿಮಿಷ ಕೂತರೆ ಬಿಗಿಯುತ್ತದೆ. ಮೊಮ್ಮಗಳು ಗೇಟು ತೆಗೆದ ಸದ್ದು ಕೇಳಿದ ಮೇಲೆ ಒಲೆ ಹಚ್ಚಿ. ಅವಳು ಕೈಕಾಲು ತೊಳೆದುಕೊಂಡು ಬಂದು ವಾರದ ಸುದ್ದಿ ಹೇಳುತ್ತಾ ಪಕ್ಕದಲ್ಲಿ ನಿಲ್ಲಲಿ, ಸೌಟು ತಿರುವುವುದನ್ನು ಅವಳಿಗೇ ಕೊಡಿ.